ಎಳಿ ಕಾಣಬೇಕು

ರೊಟ್ಟಿ ಸುತ್ತೂ ಅರಿವ್ಯಾಗ ಸುತ್ತಿ ತಂದಿದ್ದಳು ಕಮಲಾಕ್ಷಿ.
ಮ್ಯಾಲೆ ಹಸಿರು ಮಾರ್ಕರಿನಾಗ ಬರದಿತ್ತು:
‘ಅತ್ತಿ. ಕೊಂಡಿ ಹಾಕೂದು. ೨೦೦೭.’
ತಳಕ್ಕ ನೇರಳಿ ಬಣ್ಣ, ಅದರಾಗ ನನ್ನ ಮಾರಿ,
ಮಾರಿ ಮ್ಯಾಲೆ ಒಂದು ಗೀರು
ಹುಬ್ಬಿನಿಂದ ಗಲ್ಲದ ತನಕ.

‘ಮನ್ಯಾಗಿನ ಪ್ಲೇಯರ್ ಸತ್ತು ಆರು ವರ್ಷ ಆತು.
ಮೊಬೈಲಿನ್ಯಾಗ ನೋಡೂವಂಗ ಮಾಡಿ ಕೊಡು, ಮಹಬೂಬಣ್ಣ.
ಆದರ ಎಳಿ ಕಾಣಬೇಕು.
ಮಾರಿ ಕಾಣದಿದ್ರೂ ನಡೀತೈತಿ.’

ಇಳಕಲ್ಲಿನ್ಯಾಗ ಹದಿನೇಳು ವರ್ಷದ ಅಂಗಡಿ ನಂದು.
ಮೊದಲು ಡಿವಿಡಿ ಬಾಡಿಗಿ, ದಿನಕ್ಕ ಹತ್ತು ರೂಪಾಯಿ,
ಈಗ ಝೆರಾಕ್ಸು, ಪಹಣಿ, ಪಾಸ್‌ಪೋರ್ಟ್ ಫೋಟೋ.
ಮಾರಿ ಬ್ಯಾಡ ಅಂದ ಗಿರಾಕಿ ಅಕಿ ಒಬ್ಬಾಕಿನ.

ಹಗುರ ಮಾಡೂದು ಸಸಾರ. ಎಪ್ಪತ್ತು ಎಂಬಿ,
ವಾಟ್ಸಾಪಿನ್ಯಾಗ ಸರ್ರ್ ಅಂತ ಹೋಗತೈತಿ.
ಮೊದಲು ಅದನ್ನ ಮಾಡಿದ್ನಿ, ಸುಳ್ಳ್ಯಾಕ ಹೇಳ್ಲಿ.
ಮಗ್ಗದ ಮುಂದ ಒಂದು ಹೆಣಮಗಳು, ಖರೆ;
ಕೈ ಇರೂ ಜಾಗಾದಾಗ ಒದ್ದಿ ಬೆಲ್ಲ.
ಕರೀ ಎಳಿ ಕೆಂಪು ಎಳಿ ಕೂಡಿ ಒಂದ ಕಂದು ಚೌಕ.
ಉಳಿತಾಯ ಅಂದಕೂಡ್ಲೆ ಯಂತ್ರ
ಮೊದಲು ಕಡಿಯೂದು ಸಣ್ಣದನ್ನ.

ಅಳಸಿದ್ನಿ.

ಡಿಸ್ಕು ಇದ್ದದ್ದು ಇದ್ದಂಗ ಇಳಿಸ್ಕೊಳ್ಳಾಕ ಕುಂತ್ನಿ,
ರೇಶ್ಮಿ ಲಡಿ ಬಿಚ್ಚದ ಮನಿಗೆ ತರೂವಂಗ.
ಗೀರು ಬಂದಲ್ಲಿ ಡ್ರೈವು ಇಲಿ ಕಡದಂಗ ಕಟಕಟ.
ಸಾಬೂನು ನೀರು, ಹತ್ತಿ,
ನಡುವಿನಿಂದ ಅಂಚಿಗೆ ಒರಸು, ಸುತ್ತ ತಿರಗಬ್ಯಾಡ.
ಇನ್ನೊಂದು ಡ್ರೈವು. ಮೂರು ತಾಸು.
ಎಲ್ಲಾ ಬಂತು, ನಾಕು ಸೆಕೆಂಡು ಬಿಟ್ಟು.

ಗುಣದ ಅಂಕಿ ಇಪ್ಪತ್ತೆಂಟಲ್ಲ, ಹದಿನೆಂಟು.
ಇಲ್ಲಿ ಅಂಕಿ ಇಳದಷ್ಟೂ ಚಿತ್ರಾ ಏರತೈತಿ;
ನನ್ನ ಮಗನಿಗೆ ಈ ಲೆಕ್ಕ ತಿಳಸಾಕ
ಇಡೀ ರೋಜಾ ತಿಂಗಳು ಹಿಡೀತು.
ಅಗಲ ಏಳುನೂರಾ ಇಪ್ಪತ್ತು ಚುಕ್ಕಿ, ಅಷ್ಟ.
ಹಿಗ್ಗಸಬಾರದು. ಇರದ ಎಳಿನ್ನ ಎಲ್ಲಿಂದ ತರೂದು?

ಮತ್ತೊಂದು ತೊಡಕು: ಹಳೇ ಟೀವಿ ಚಿತ್ರಾ ನೇಯತಿತ್ತು,
ಬೆಸ ಗೆರಿ ಒಮ್ಮೆ, ಸಮ ಗೆರಿ ಒಮ್ಮೆ,
ಕಾಲುಮಣಿ ತುಳದಂಗ.
ಕಂಪ್ಯೂಟರ್ ಎರಡನ್ನೂ ಕೂಡೇ ತೋರಸತೈತಿ,
ಓಡೂ ಕೈಯಿನ ಅಂಚಿಗೆ ಹಣಗಿ ಹಲ್ಲು ಮೂಡತಾವ.
ಹೇಳಿದ್ರ ಕಮಲಾಕ್ಷಿ ನಕ್ಕಳು,
‘ನಮ್ಮ ಮಗ್ಗದಾಗೂ ಹಣಗಿ ಐತಿ, ಅದಕ್ಯಾಕ ಅಂಜತಿ?’
ಗೆರಿ ಬಿಡಿಸಿ ಸೆಕೆಂಡಿಗೆ ಐವತ್ತು ಚಿತ್ರಾ ಮಾಡಿದ್ನಿ,
ಅರ್ಧಾ ಒಗೀಲಿಲ್ಲ.

ತೊಂಬತ್ತೊಂದು ಪರ್ಸೆಂಟಿಗೆ ಕರೆಂಟು ಹೋತು.
ಮತ್ತ ಒಂದರಿಂದ.

ಮರುದಿನ ಕೌಂಟರ್ ಮುಂದ ಸ್ಟೂಲ್ ಎಳಕೊಂಡು ಕುಂತಳು.
ಪರದೆ ತುಂಬ ಬನಶಂಕ್ರವ್ವನ ಬೆರಳು:
ಉಗುರಿನ ಸಂದಿಗೆ ಬಣ್ಣ, ಒಣಗಿದ ಗಂಜಿ,
ಮೈ ಎಳಿ ಕರೇದು, ಸೆರಗಿನ ಎಳಿ ಕೆಂಪು,
ಕುಣಿಕಿಯೊಳಗ ಕುಣಿಕಿ.
ಹಿಂದ ಯಾರೋ ಚಾ ಸೋಸೂ ಸಪ್ಪಳ.
ಹನ್ನೊಂದನೇ ನಿಮಿಷಕ್ಕ ಹೆಬ್ಬೆರಳು ಒಳಗ ಹೊಂಟಿತ್ತು,
ನಿಂತಿತು. ನಾಕು ಸೆಕೆಂಡು ಹಸಿರು ಚೌಕ.
ಆಮ್ಯಾಲೆ ಗಂಟು ಬಿದ್ದು ಮುಗದ ಕೈ.

‘ಅಷ್ಟು ಕತ್ತರಿಸಿ ಕೂಡಸ್ಲೇನು? ಗೊತ್ತಾಗೂದಿಲ್ಲ’ ಅಂದ್ನಿ.

ಅಕಿ ಕೇಳಿಸ್ಕೊಳ್ಳಲಿಲ್ಲ.
ಝೆರಾಕ್ಸ್ ಹಾಳಿ ಕಟ್ಟಿದ ದಾರ ಬಿಚ್ಚಿ ಎರಡು ತುಂಡು ಮಾಡಿದಳು.
ಹಿಂದಕ್ಕ ಒಯ್ಯಿ ಅಂದಳು. ಮತ್ತ. ಮತ್ತೊಮ್ಮೆ.
ಏಳನೇ ಸಲ,
ಅತ್ತಿ ಕೈ ನಿಂತಲ್ಲಿಂದ ಸೊಸಿ ಕೈ ಹೊಂಟಿತು,
ಹೆಬ್ಬೆರಳು ಒಳಗ ಹೋಗಿ ಹೊರಳಿ ಬಂತು;
ಪರದೆ ಮ್ಯಾಲೆ ಬನಶಂಕ್ರವ್ವ ತಿರುಗಿ ಬರೂದ್ರಾಗ
ಇಲ್ಲಿ ಗಂಟು ಬಿದ್ದಿತ್ತು.

‘ಕತ್ತರಸಬ್ಯಾಡ. ಒಂದು ಎಳಿ ಹರದ್ರ ಸೀರಿ ಕತ್ತರಸ್ತೀವೇನು?’

ಒಂದು ಜಿಬಿ ಮ್ಯಾಲೆ ಆತು. ಪೆನ್‌ಡ್ರೈವಿಗೆ ಹಾಕಿ ಕೊಟ್ನಿ.
ನೂರೈವತ್ತು ಕೇಳಿದ್ರ ನೂರಾ ನಲವತ್ತಾರು ಎಣಿಸಿದಳು,
ಸೆಕೆಂಡಿಗೊಂದು ರೂಪಾಯಿ ಮುರಕೊಂಡು.

ದಾರ ಕೌಂಟರ್ ಮ್ಯಾಲೇ ಬಿಟ್ಟು ಹೋಗ್ಯಾಳ.
ಗಿರಾಕಿ ಇಲ್ಲದಾಗ ಬಿಚ್ಚಾಕ ನೋಡಿದ್ನಿ,
ಎಲ್ಲಿಂದ ಚಾಲೂ ಮಾಡ್ಬೇಕು ಅನ್ನೂದ ತಿಳೀಲಿಲ್ಲ.